ಮಳೆ ಬಾರದ ದಿನವೂ ಬರೆಯುವ ಸೊನ್ನೆ

(ದಿನನಿತ್ಯದ ಅಭ್ಯಾಸಗಳ ಬಗ್ಗೆ ಹಾಸನದಲ್ಲಿ ನೀಡಿದ ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಸಕಲೇಶಪುರ, ಆಲೂರು ಕಡೆಯವರು ಇಲ್ಲಿ ಬಹಳ ಮಂದಿ ಇದ್ದೀರಿ. ಮಳೆಗಾಲದಲ್ಲಿ ನಿಮ್ಮ ಕಡೆ ಇಬ್ಬರು ಬೆಳೆಗಾರರು ಎದುರಾದರೆ ತಿಂಡಿ ಆಯ್ತಾ ಎಂದು ವಿಚಾರಿಸುವ ಮೊದಲೇ ಬರುವ ಮಾತು, "ನಿಮ್ಮಲ್ಲಿ ಎಷ್ಟು ಸೆಂಟ್ ಆಯ್ತು?" ನೂರು ಸೆಂಟ್ ಸೇರಿದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್ ಮಳೆ. ಇದನ್ನು ಅಳೆಯುವ ರೀತಿ ನಿಮಗೆ ಗೊತ್ತೇ ಇದೆ. ಮರದ ಹನಿ ಬೀಳದ ಬಯಲು ಜಾಗದಲ್ಲಿ ರೈನ್‌ಗೇಜ್ ನಿಂತಿರುತ್ತದೆ. ಮೇಲೊಂದು ಆಲಿಕೆ, ಒಳಗೊಂದು ಬಾಟಲಿ. ಬೆಳಿಗ್ಗೆ ಹೋಗಿ ಬಾಟಲಿಯ ನೀರನ್ನು ಗೆರೆ ಹಾಕಿದ ಗ್ಲಾಸಿಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ನೀರು ಚೆಲ್ಲಿ, ಒಳಗೆ ಬಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ಎಲ್ಲ ಸೇರಿ ಎರಡು ನಿಮಿಷ. ಅಜ್ಜನ ಕಾಲದ ಮಳೆ ಪುಸ್ತಕ ಇವತ್ತಿಗೂ ಬೀರುವಿನಲ್ಲಿಟ್ಟುಕೊಂಡ ಮನೆಗಳಿವೆ.

ಈ ಬೆಳೆಗಾರರನ್ನು ಯಾರಾದರೂ "ದಿನಾ ಅಳೆಯುವುದಕ್ಕೆ ಹುರುಪು ಎಲ್ಲಿಂದ ತರುತ್ತೀರಿ?" ಎಂದು ಕೇಳಿದರೆ ಅವರಿಗೆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಅದಕ್ಕೆ ಹುರುಪು ಬೇಕೇ ಆಗಿಲ್ಲ. ಜಾಗ ಗೊತ್ತಿದೆ, ಹೊತ್ತು ಗೊತ್ತಿದೆ, ಕೆಲಸ ಚಿಕ್ಕದು, ಮಳೆ ಬಾರದ ದಿನವೂ ಆ ತಾರೀಖಿನ ಎದುರು ಸೊನ್ನೆ ಬೀಳುತ್ತದೆ. ಬಯಲು ಸೀಮೆಯವರಿಗೆ ಬೇರೆ ಉದಾಹರಣೆ ಹೇಳುತ್ತೇನೆ. ಚನ್ನರಾಯಪಟ್ಟಣ, ಹೊಳೆನರಸೀಪುರದ ಹಳ್ಳಿಗಳಲ್ಲಿ ಡೈರಿಗೆ ಹಾಲು ಹಾಕುವವರು ದಿನಕ್ಕೆರಡು ಸಲ ಕ್ಯಾನ್ ಹಿಡಿದು ಹೋಗುತ್ತಾರೆ. ಹಬ್ಬವಿರಲಿ, ನೆಗಡಿಯಿರಲಿ, ಮನಸ್ಸು ಸರಿ ಇಲ್ಲದಿರಲಿ, ಹಸು ಕಾಯುತ್ತದೆ, ಡೈರಿ ಬಾಗಿಲು ತೆರೆಯುವ ಹೊತ್ತು ಬದಲಾಗುವುದಿಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ: ನಡಿಗೆ, ಓದು, ಮಾತ್ರೆ, ನಿದ್ದೆ ಇವನ್ನೆಲ್ಲ ಡೈರಿಗೆ ಹಾಲು ಹಾಕುವಷ್ಟು ಸಹಜ ಮಾಡಿಕೊಳ್ಳಲು ಸಾಧ್ಯ. ಅದಕ್ಕೆ ಮನಸ್ಸನ್ನು ಬೈದು ಬಗ್ಗಿಸುವುದಕ್ಕಿಂತ ಜಾಗ ಮತ್ತು ಹೊತ್ತನ್ನು ಸರಿ ಮಾಡಿಕೊಳ್ಳುವುದು ಹೆಚ್ಚು ಕೆಲಸಕ್ಕೆ ಬರುತ್ತದೆ.

ಇದು ಬರೀ ನಂಬಿಕೆಯ ಮಾತಲ್ಲ. ಅಮೆರಿಕದ ಮನೋವಿಜ್ಞಾನಿ ವೆಂಡಿ ವುಡ್ ಮತ್ತು ಜೊತೆಗಾರರು 2002ರಲ್ಲಿ ವಿದ್ಯಾರ್ಥಿಗಳಿಗೆ ಗಂಟೆಗೊಮ್ಮೆ "ಈಗ ಏನು ಮಾಡುತ್ತಿದ್ದೀರಿ, ಏನು ಯೋಚಿಸುತ್ತಿದ್ದೀರಿ" ಎಂದು ಬರೆದಿಡಲು ಹೇಳಿದ್ದರು. ಅವರು ಮಾಡಿದ ಕೆಲಸಗಳಲ್ಲಿ ಸುಮಾರು 43 ಶೇಕಡ ಹೆಚ್ಚುಕಡಿಮೆ ದಿನವೂ ಅದೇ ಜಾಗದಲ್ಲಿ, ಬೇರೇನೋ ಯೋಚಿಸುತ್ತಾ ಮಾಡಿದ ಕೆಲಸಗಳು. 2011ರಲ್ಲಿ ಅದೇ ವುಡ್ ಅವರ ಬಳಗ ಸಿನಿಮಾ ಮಂದಿರದಲ್ಲಿ ಕೆಲವರಿಗೆ ತಾಜಾ ಪಾಪ್‌ಕಾರ್ನ್, ಕೆಲವರಿಗೆ ಏಳು ದಿನ ಹಳೆಯ ಪಾಪ್‌ಕಾರ್ನ್ ಕೊಟ್ಟಿತು. ಸಿನಿಮಾ ನೋಡುತ್ತಾ ಪಾಪ್‌ಕಾರ್ನ್ ತಿಂದು ರೂಢಿಯಾದವರು ಹಳಸಿದ್ದನ್ನೂ ತಾಜಾದಷ್ಟೇ ತಿಂದರು. ಅದನ್ನೇ ಮೀಟಿಂಗ್ ರೂಮಿನಲ್ಲಿ ಕೊಟ್ಟಾಗ ಹಳಸಿದ್ದನ್ನು ದೂರ ಸರಿಸಿದರು. ಮಂದಿರದಲ್ಲೇ ಕೂತು, ರೂಢಿಯಿಲ್ಲದ ಎಡಗೈಯಲ್ಲಿ ತಿನ್ನಿ ಎಂದಾಗಲೂ ರುಚಿ ಗೊತ್ತಾಗಿ ಕಡಿಮೆ ತಿಂದರು. ಕತ್ತಲೆ, ಕುರ್ಚಿ, ಪರದೆ, ಬಲಗೈ ಇವು ಸೇರಿ ತಿನ್ನಿಸುತ್ತಿದ್ದವು. ಸಂಜೆ ಮನೆಗೆ ಬಂದ ಕೂಡಲೇ ಸೋಫಾದ ಅದೇ ಮೂಲೆಯಲ್ಲಿ ಕೂತು ಫೋನ್ ತೆಗೆಯುವ ನಮ್ಮ ಕೈಗೂ ಇದೇ ಆಗುತ್ತಿದೆ.

ಎಷ್ಟು ದಿನದಲ್ಲಿ ರೂಢಿಯಾಗುತ್ತದೆ? "21 ದಿನ" ಎಂದು ಎಲ್ಲ ಕಡೆ ಹೇಳುತ್ತಾರೆ. ಈ ಮಾತಿನ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್. ಮುಖದ ಶಸ್ತ್ರಚಿಕಿತ್ಸೆ ಆದವರಿಗೆ ಹೊಸ ಮುಖ ಒಗ್ಗಲು ಕನಿಷ್ಠ ಸುಮಾರು 21 ದಿನ ಬೇಕಾಗುತ್ತದೆ ಎಂದು ಅವರು 1960ರಲ್ಲಿ ಬರೆದಿದ್ದರು. ಬಾಯಿಂದ ಬಾಯಿಗೆ ಹೋಗುತ್ತಾ "ಕನಿಷ್ಠ" ಬಿದ್ದುಹೋಯಿತು, ಶಸ್ತ್ರಚಿಕಿತ್ಸೆಯೂ ಬಿದ್ದುಹೋಯಿತು. ಅಭ್ಯಾಸವನ್ನೇ ಅಳೆದವರು ಲಂಡನ್ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು. 96 ಜನರನ್ನು 12 ವಾರ ಗಮನಿಸಿದರು. ಊಟದ ಜೊತೆ ಹಣ್ಣು, ತಿಂಡಿಯ ನಂತರ ನೀರು, ರಾತ್ರಿ ಊಟಕ್ಕೆ ಮುಂಚೆ 15 ನಿಮಿಷ ಓಟ, ಇಂಥವು. ಮಧ್ಯದ ಅಂಕಿ 66 ದಿನ ಬಂತು. ಬೇಗ ಕೈಗೂಡಿದವರಿಗೆ 18 ದಿನ ಸಾಕಾಯಿತು, ನಿಧಾನದವರಿಗೆ 254 ದಿನ ಬೇಕಾದೀತು ಎಂದು ಲೆಕ್ಕ ಹಾಕಿದರು. ನೀರು ಕುಡಿಯುವುದು ಬೇಗ, ವ್ಯಾಯಾಮ ನಿಧಾನ. ಇನ್ನೊಂದು ಮುಖ್ಯ ಸಂಗತಿ, ಮಧ್ಯೆ ಒಂದು ದಿನ ತಪ್ಪಿದರೆ ಅಭ್ಯಾಸ ಬೇರೂರುವುದಕ್ಕೆ ಹೇಳುವಂಥ ಧಕ್ಕೆಯಾಗಲಿಲ್ಲ. 22ನೇ ದಿನ "ನನಗಿನ್ನೂ ರೂಢಿಯಾಗಲಿಲ್ಲ, ನನ್ನಲ್ಲೇ ಏನೋ ಕೊರತೆ" ಎಂದು ಕೈಬಿಟ್ಟವರೆಲ್ಲ ಮೂರನೇ ಒಂದು ಭಾಗದ ದಾರಿಯಲ್ಲಿ ವಾಪಸಾದವರು. ನನಗೆ ಬಹಳ ಬೇಸರ ತರುವುದು ಅದೇ.

ಈ 66ನ್ನು ನಮ್ಮ ಜಿಲ್ಲೆಯ ಕ್ಯಾಲೆಂಡರಿನ ಮೇಲಿಟ್ಟು ನೋಡಿ. ಹೊಸ ವಾರ, ಹೊಸ ತಿಂಗಳು, ಹೊಸ ವರ್ಷದ ಮೊದಲಲ್ಲಿ ಜನ ಹೆಚ್ಚಾಗಿ ಜಿಮ್ಮಿಗೆ ಹೋಗುತ್ತಾರೆ ಎಂದು ಅಧ್ಯಯನಗಳಲ್ಲೂ ಕಂಡಿದೆ. ನಮ್ಮಲ್ಲಿ ಯುಗಾದಿಗೆ ಶುರು ಮಾಡುವವರು ಬಹಳ. ಯುಗಾದಿ ಬರುವುದು ಮಾರ್ಚ್ ನಡುವಿನಿಂದ ಏಪ್ರಿಲ್ ನಡುವಿನೊಳಗೆ. 66 ದಿನ ಕೂಡಿಸಿದರೆ ಮೇ ಕೊನೆ ಅಥವಾ ಜೂನ್ ಮಧ್ಯ. ಬೆಳಗಿನ ನಡಿಗೆ ಇನ್ನೇನು ಗಟ್ಟಿಯಾಗಬೇಕು ಅನ್ನುವಾಗ ಮುಂಗಾರು ಹಿಡಿಯುತ್ತದೆ. ಸಕಲೇಶಪುರದಲ್ಲಿ ಹೊಸ್ತಿಲು ದಾಟುವಂತಿರುವುದಿಲ್ಲ. ಜನವರಿ ಒಂದಕ್ಕೆ ಶುರು ಮಾಡಿದರೆ ತೋಟದವರಿಗೆ ಕಾಫಿ ಕುಯ್ಲಿನ ಗಡಿಬಿಡಿ. ಆದ್ದರಿಂದ ಶುರು ಮಾಡುವ ದಿನವೇ ಎರಡು ರೂಪ ಬರೆದಿಟ್ಟುಕೊಳ್ಳಿ. ಬಿಸಿಲಿನ ರೂಪ: ಬೆಳಿಗ್ಗೆ ಮಹಾರಾಜ ಪಾರ್ಕಿನಲ್ಲಿ 30 ನಿಮಿಷ ನಡಿಗೆ. ಮಳೆಯ ರೂಪ: ಅದೇ ಹೊತ್ತಿಗೆ ಅದೇ ಶೂ ಹಾಕಿಕೊಂಡು ಜಗಲಿಯಲ್ಲಿ 10 ನಿಮಿಷ ನಡಿಗೆ, ಮೆಟ್ಟಿಲು ಹತ್ತಿ ಇಳಿಯುವುದು ಐದು ಸುತ್ತು. ಹೊತ್ತು ಮತ್ತು ಶೂ ಬದಲಾಗಬಾರದು. "ಮಳೆ ನಿಂತ ಮೇಲೆ ಸಂಜೆ ನೋಡೋಣ" ಅಂದರೆ ಆ ಅಭ್ಯಾಸ ನವರಾತ್ರಿಯವರೆಗೆ ಸಿಗುವುದಿಲ್ಲ.

ಈಗ ಕಟ್ಟುವ ವಿಧಾನಕ್ಕೆ ಬರೋಣ. ಹಸು ಕಟ್ಟಲು ಗೂಟ ಬೇಕಾದ ಹಾಗೆ ಹೊಸ ಅಭ್ಯಾಸ ಕಟ್ಟಲು ದಿನವೂ ತಪ್ಪದೆ ನಡೆಯುವ ಒಂದು ಹಳೆಯ ಕೆಲಸ ಬೇಕು. "ಇಂಥದ್ದು ಮುಗಿದ ಕೂಡಲೇ ಇಂಥ ಜಾಗದಲ್ಲಿ ಇಷ್ಟು ಮಾಡುತ್ತೇನೆ" ಎಂದು ಒಂದೇ ವಾಕ್ಯ ಬರೆಯಿರಿ. ಪೀಟರ್ ಗಾಲ್‌ವಿಟ್ಜರ್ ಎಂಬ ಮನೋವಿಜ್ಞಾನಿ ಈ ಬಗೆಯ ವಾಕ್ಯಗಳ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. 2002ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿದ್ದರು. ವಾರದಲ್ಲಿ ಒಮ್ಮೆಯಾದರೂ 20 ನಿಮಿಷ ಚೆನ್ನಾಗಿ ವ್ಯಾಯಾಮ ಮಾಡಿದವರೆಷ್ಟು ಎಂದು ನೋಡಿದರು. ಏನೂ ಹೇಳಿಸಿಕೊಳ್ಳದ ಗುಂಪಿನಲ್ಲಿ 38 ಶೇಕಡ. ವ್ಯಾಯಾಮದಿಂದ ಹೃದಯಕ್ಕಾಗುವ ಲಾಭವನ್ನು ಓದಿ ಹುರಿದುಂಬಿದ ಗುಂಪಿನಲ್ಲಿ 35 ಶೇಕಡ. ಅದನ್ನು ಓದಿ, ಜೊತೆಗೆ ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಎಂದು ಬರೆದುಕೊಟ್ಟ ಗುಂಪಿನಲ್ಲಿ 91 ಶೇಕಡ. ಬರೀ ಹುರುಪು ತುಂಬಿದ ಗುಂಪು ಏನೂ ಕೇಳದ ಗುಂಪಿಗಿಂತ ಮೇಲೇಳಲಿಲ್ಲ ಅನ್ನುವುದನ್ನು ದಯವಿಟ್ಟು ಗಮನಿಸಿ.

ನಮ್ಮ ಮನೆಗಳಲ್ಲಿ ಇರುವ ಅತ್ಯುತ್ತಮ ಗೂಟ ಕಾಫಿ ಫಿಲ್ಟರ್ ಎಂದು ನನ್ನ ಅಭಿಪ್ರಾಯ. ಮೇಲಿನ ಪಾತ್ರೆಗೆ ಪುಡಿ ಹಾಕಿ, ಬಿಲ್ಲೆಯಿಂದ ಮೆಲ್ಲಗೆ ಅದುಮಿ, ಕುದಿ ಬಂದ ನೀರು ಸುರಿದು ಮುಚ್ಚಳ ಹಾಕುತ್ತೀರಿ. ಡಿಕಾಕ್ಷನ್ ಹನಿ ಹನಿಯಾಗಿ ಇಳಿಯಲು 10ರಿಂದ 15 ನಿಮಿಷ ಬೇಕು. ಆ ಹೊತ್ತು ದಿನವೂ ಇದ್ದೇ ಇರುತ್ತದೆ, ಅಡುಗೆಮನೆಯಲ್ಲೇ ಇರುತ್ತದೆ, ಎಲ್ಲಿ ಶುರು ಎಲ್ಲಿ ಕೊನೆ ಎಂದು ಕಣ್ಣಿಗೆ ಕಾಣುತ್ತದೆ, ಕೊನೆಗೆ ಬಿಸಿ ಕಾಫಿಯೂ ಸಿಗುತ್ತದೆ. "ಫಿಲ್ಟರಿನ ಮುಚ್ಚಳ ಹಾಕಿದ ಕೂಡಲೇ ಕಟ್ಟೆ ಹಿಡಿದು ಹತ್ತು ಸಲ ಕೂತು ಏಳುತ್ತೇನೆ." "ಮುಚ್ಚಳ ಹಾಕಿದ ಕೂಡಲೇ ಎರಡು ಪುಟ ಓದುತ್ತೇನೆ." ರಾತ್ರಿಯೇ ಡಿಕಾಕ್ಷನ್ ಹಾಕಿಡುವ ಮನೆಯಾದರೆ ಈ ಗೂಟ ರಾತ್ರಿಗೆ ಹೋಗುತ್ತದೆ. ಆಗ ಅದಕ್ಕೆ ನಾಳೆಯ ಬಟ್ಟೆ, ಶೂ, ನೀರಿನ ಬಾಟಲಿ ತೆಗೆದಿಡುವ ಕೆಲಸ ಕಟ್ಟಿ. ಕಾಫಿ ಮಾಡುವವರು ಒಬ್ಬರು, ಕುಡಿಯುವವರು ಇನ್ನೊಬ್ಬರು ಆದ ಮನೆಯಲ್ಲಿ ಕುಡಿಯುವವರಿಗೆ ಈ ಗೂಟ ಸಿಗುವುದಿಲ್ಲ. ಅವರೂ ವಾರದಲ್ಲಿ ನಾಲ್ಕು ದಿನ ಫಿಲ್ಟರ್ ಹಾಕುವುದನ್ನು ಕಲಿಯಲಿ, ಮನೆಯವರಿಗೂ ಉಪಕಾರವಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಥೈರಾಯ್ಡ್ ಮಾತ್ರೆಯನ್ನು ಈ ಹೊತ್ತಿಗೆ ಕಟ್ಟಬೇಡಿ. ಅದನ್ನು ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ತೆಗೆದುಕೊಂಡು, ಕಾಫಿ-ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಬೇಕು. ಕಾಫಿ ಬೇಗ ಬಿದ್ದರೆ ಮಾತ್ರೆ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಅದಕ್ಕೆ ಸರಿಯಾದ ಗೂಟ ಹಾಸಿಗೆ ಸುತ್ತಿಡುವುದು. ಮಾತ್ರೆ, ನೀರಿನ ಚೊಂಬು ಎರಡೂ ತಲೆಯ ಹತ್ತಿರವೇ ಇರಲಿ. ಬೇರೆ ಮಾತ್ರೆಗಳ ಹೊತ್ತನ್ನು ನಿಮ್ಮ ವೈದ್ಯರನ್ನು ಕೇಳಿಯೇ ಕಟ್ಟಿ. ಯಾವ ಮಾತ್ರೆಯನ್ನೂ ಒಲೆಯ ಮೇಲಿನ ಹಲಗೆಯಲ್ಲಿ ಇಡಬೇಡಿ, ಬಿಸಿ ಹಬೆ ತಾಗುತ್ತದೆ.

ಗೂಟ ಕಿತ್ತುಬರುವುದು ಯಾಕೆ? ಹೆಚ್ಚಾಗಿ ಗೂಟವೇ ಸಡಿಲ. "ಬೆಳಿಗ್ಗೆ ಎದ್ದ ಮೇಲೆ" ಅನ್ನುವುದು ಒಂದು ಗಂಟೆಯಷ್ಟು ಅಗಲದ ಹೊತ್ತು, ಅದರಲ್ಲಿ ಯಾವ ಕ್ಷಣ? "ಸಮಯ ಸಿಕ್ಕಾಗ" ಅನ್ನುವುದು ಗೂಟವೇ ಅಲ್ಲ. "ಮಕ್ಕಳು ಶಾಲೆಗೆ ಹೋದ ಮೇಲೆ" ಎಂದು ಕಟ್ಟಿದ್ದು ದಸರಾ ರಜೆಯಲ್ಲಿ, ಬೇಸಿಗೆ ರಜೆಯಲ್ಲಿ ಬಿಚ್ಚಿಹೋಗುತ್ತದೆ. ಡೈರಿಗೆ ಹಾಲು ಹಾಕಿ ಖಾಲಿ ಕ್ಯಾನ್ ತೊಳೆದು ಬೋರಲು ಹಾಕುವುದು, ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವುದು, ಸಂಜೆ ದೇವರ ದೀಪ ಹಚ್ಚುವುದು, ಇವು ವರ್ಷವಿಡೀ ನಿಲ್ಲುತ್ತವೆ.

ಅಳತೆಯ ವಿಷಯದಲ್ಲಿ ನಾವು ಮೊದಲ ವಾರವೇ ಕೆಡಿಸಿಕೊಳ್ಳುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ. ದಿನಕ್ಕೆ 30 ನಿಮಿಷದಂತೆ ಐದು ದಿನ. ಅದನ್ನು ಮೊದಲ ದಿನವೇ ಹಿಡಿಯಲು ಹೋಗಬೇಡಿ. ಮೊದಲ ಎರಡು ವಾರ 10 ನಿಮಿಷ. ಅಲ್ಲಿಂದ ವಾರಕ್ಕೆ 5 ನಿಮಿಷ ಏರಿಸಿದರೆ ಆರನೇ ವಾರ 30 ನಿಮಿಷಕ್ಕೆ ಬರುತ್ತೀರಿ. ಜೊತೆಗೆ ತೀರಾ ಕೆಟ್ಟ ದಿನಕ್ಕೆಂದು ಒಂದು ಕನಿಷ್ಠ ಅಳತೆಯನ್ನೂ ಇಟ್ಟುಕೊಳ್ಳಿ, "ಶೂ ಹಾಕಿ ಗೇಟಿನವರೆಗೆ ಹೋಗಿ ಬರುವುದು" ಎಂಬಂಥದ್ದು. ಅದನ್ನು ಮಾತ್ರ ಯಾವತ್ತೂ ಏರಿಸಬೇಡಿ. ಜನ ತಪ್ಪುವುದು ಇಲ್ಲೇ. 30 ನಿಮಿಷ ರೂಢಿಯಾದ ಮೇಲೆ ಗೇಟಿನವರೆಗೆ ಹೋಗುವುದು ಅವಮಾನ ಅನ್ನಿಸಿ, ಕೆಟ್ಟ ದಿನ ಅದನ್ನೂ ಬಿಡುತ್ತಾರೆ. ಎದೆನೋವು, ಮಂಡಿನೋವು, ಸಕ್ಕರೆ ಕಾಯಿಲೆ ಇರುವವರು ಏರಿಸುವ ಮುನ್ನ ವೈದ್ಯರಿಗೆ ತೋರಿಸಿ.

ಬಿಡಬೇಕಾದ ಅಭ್ಯಾಸಗಳಿಗೂ ಇದೇ ವಿದ್ಯೆ, ತಿರುಗಿಸಿ ಬಳಸಬೇಕು. ಫೋನ್ ಚಾರ್ಜರನ್ನು ಮಲಗುವ ಕೋಣೆಯಿಂದ ಕಿತ್ತು ನಡುಮನೆಯಲ್ಲಿ ಹಾಕಿ, ಎಬ್ಬಿಸಲು ಒಂದು ಅಲಾರಂ ಗಡಿಯಾರ ಕೊಳ್ಳಿ. ರಾತ್ರಿ ಒಂದು ಗಂಟೆ ನಿದ್ದೆ ಉಳಿಸುವುದಕ್ಕೆ ಇದಕ್ಕಿಂತ ಸುಲಭದ ಕೆಲಸ ನನಗೆ ಗೊತ್ತಿಲ್ಲ. ಸಂಜೆ ಬಜ್ಜಿ-ಬೋಂಡಾ ಬಿಡಬೇಕೆಂದಿದ್ದರೆ ಬಸ್‌ಸ್ಟ್ಯಾಂಡಿನಿಂದ ಮನೆಗೆ ಬರುವ ರಸ್ತೆ ಬದಲಿಸಿ. ಎಣ್ಣೆಯ ವಾಸನೆ ಮೂಗಿಗೆ ಬಡಿದ ಮೇಲೆ ಹೋರಾಡುವುದು ಕಷ್ಟ.

ಉಪ್ಪಿನ ಲೆಕ್ಕ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಡುಗೆ ಮಾಡುವಾಗ ಯಾರೂ ಚಮಚ ಎಣಿಸಲಾರರು. ಅದರ ಬದಲು ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆಯಿರಿ. ನಾಲ್ಕು ಜನರ ಮನೆಗೆ ದಿನಕ್ಕೆ 20 ಗ್ರಾಂ, ಒಂದು ಕೆಜಿ ಪ್ಯಾಕೆಟ್ 50 ದಿನ. ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿನಿಸಿನ ಉಪ್ಪು ಬೇರೆ ಇರುವುದರಿಂದ ಪ್ಯಾಕೆಟ್ 50ಕ್ಕಿಂತ ಹೆಚ್ಚು ದಿನವೇ ಬರಬೇಕು. 30 ದಿನಕ್ಕೆ ಮುಗಿದಿದ್ದರೆ ಗೊತ್ತಾಯಿತಲ್ಲ. ಮುಂದಿನ ಪ್ಯಾಕೆಟ್ಟನ್ನು 35 ದಿನಕ್ಕೆ ಎಳೆಯಿರಿ, ಅದರ ಮುಂದಿನದನ್ನು 40ಕ್ಕೆ. ನಾಲಿಗೆಗೆ ಗೊತ್ತಾಗದಂತೆ ಇಳಿಯುತ್ತದೆ. ಉಪ್ಪಿನಕಾಯಿ ಜಾಡಿ ಊಟದ ಮೇಜಿನಿಂದ ಕಪಾಟಿಗೆ ಹೋಗಲಿ. ಕಾಫಿಯ ಸಕ್ಕರೆಯೂ ಹೀಗೆಯೇ. ದಿನಕ್ಕೆ ಮೂರು ಲೋಟ, ಲೋಟಕ್ಕೆ ಎರಡು ಚಮಚ ಎಂದರೆ ಹತ್ತಿರ ಹತ್ತಿರ 24 ಗ್ರಾಂ. ಸೇರಿಸಿದ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತಾರೆ, ಅದೆಲ್ಲ ಕಾಫಿಯಲ್ಲೇ ಮುಗಿದುಹೋಯಿತು. ಎರಡು ವಾರಕ್ಕೊಮ್ಮೆ ಕಾಲು ಚಮಚ ಇಳಿಸಿ. ಒಮ್ಮೆಲೇ ಬಿಟ್ಟವರು ಒಂದು ವಾರದಲ್ಲಿ ವಾಪಸು ಬರುತ್ತಾರೆ.

ಕಾಫಿ ಬೆಳೆಯುವ ಜಿಲ್ಲೆಯಲ್ಲಿ ನಿಂತು ಕಾಫಿ ಬಿಡಿ ಎಂದು ಹೇಳಲಾರೆ, ಬಿಡಬೇಕಾಗಿಯೂ ಇಲ್ಲ. ಆದರೆ ಕೆಫೀನ್ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಮಲಗುವ ಆರು ಗಂಟೆ ಮೊದಲು ತೆಗೆದುಕೊಂಡ 400 ಮಿಲಿಗ್ರಾಂ ಕೆಫೀನ್ ಕೂಡ ಒಂದು ಗಂಟೆಗಿಂತ ಹೆಚ್ಚು ನಿದ್ದೆ ಕಸಿಯಿತು ಎಂದು 2013ರ ಒಂದು ಪ್ರಯೋಗ ತೋರಿಸಿತು. ಹತ್ತು ಗಂಟೆಗೆ ಮಲಗುವವರು ಕೊನೆಯ ಕಾಫಿಯನ್ನು ನಾಲ್ಕಕ್ಕೆ ಮುಗಿಸಿ. ಏಳು ಗಂಟೆಯ ಲೋಟ ಬಿಡಲಾಗದಿದ್ದರೆ ಲೋಟ ಹಾಗೇ ಇರಲಿ, ಕೂರುವ ಜಾಗವೂ ಅದೇ ಇರಲಿ, ಒಳಗೆ ಜೀರಿಗೆ ಕಷಾಯವನ್ನೋ ರಾಗಿ ಮಾಲ್ಟನ್ನೋ ಹಾಕಿ. ಹಾಗೆಯೇ ಮುದ್ದೆ-ಸೊಪ್ಪಿನ ಸಾರು ಉಂಡ ಕೂಡಲೇ ಕಾಫಿ-ಟೀ ಕುಡಿದರೆ ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ರಕ್ತಹೀನತೆ ಇರುವ ಹೆಣ್ಣುಮಕ್ಕಳು ಊಟಕ್ಕೂ ಕಾಫಿಗೂ ಒಂದು ಗಂಟೆ ಅಂತರ ಇಡಲೇಬೇಕು.

ತಂಬಾಕು ಮತ್ತು ಕುಡಿತವನ್ನು ಈ ಸಾಲಿನಲ್ಲಿ ಸೇರಿಸುವುದಿಲ್ಲ. ಅವು ಬರೀ ಅಭ್ಯಾಸಗಳಲ್ಲ, ಮೈ ಅವಕ್ಕೆ ಒಗ್ಗಿಹೋಗಿರುತ್ತದೆ. ದಿನವೂ ಹೆಚ್ಚು ಕುಡಿಯುವವರು ದಿಢೀರನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ವೈದ್ಯರ ಕೈಯಲ್ಲೇ ಬಿಡಿಸಬೇಕು. ತಂಬಾಕು ಬಿಡಲು ರಾಷ್ಟ್ರೀಯ ಸಹಾಯವಾಣಿ 1800-11-2356, ಮನಸ್ಸಿನ ಕಷ್ಟಗಳಿಗೆ ಟೆಲಿ ಮಾನಸ್ 14416. ಎರಡೂ ಉಚಿತ.

ಹಾಗಾದರೆ ಹುರುಪಿಗೆ ಬೆಲೆಯೇ ಇಲ್ಲವೇ? ಇದೆ. ಅದು ಬಂದಾಗ ಯಾವುದಕ್ಕೆ ಖರ್ಚು ಮಾಡಬೇಕು ಅನ್ನುವುದೇ ಪ್ರಶ್ನೆ. ಇಂಥ ಉಪನ್ಯಾಸ ಕೇಳಿ ಮನೆಗೆ ಹೋದ ರಾತ್ರಿ ಎಲ್ಲರಿಗೂ ಹುರುಪು ಇರುತ್ತದೆ. ಆ ಹುರುಪಿನಲ್ಲಿ ನಾಳೆ ಐದು ಕಿಲೋಮೀಟರ್ ಓಡಬೇಡಿ. ಕ್ಯಾಲೆಂಡರಿಗೆ ಮೊಳೆ ಹೊಡೆಯಿರಿ, ಚಾರ್ಜರ್ ಜಾಗ ಬದಲಿಸಿ, ಶೂ ಬಾಗಿಲ ಹತ್ತಿರ ಇಡಿ, ಛತ್ರಿ ರಿಪೇರಿ ಮಾಡಿಸಿ. ಹುರುಪು ಇಳಿದ ಮೇಲೂ ಮೊಳೆ ಅಲ್ಲೇ ಇರುತ್ತದೆ.

ಮಕ್ಕಳ ವಿಷಯದಲ್ಲಿ ಒಂದು ಮಾತು. ಓದಿದರೆ ಪುಟಕ್ಕಿಷ್ಟು ದುಡ್ಡು ಎಂದು ಆಸೆ ತೋರಿಸಬೇಡಿ. 1973ರಲ್ಲಿ ಅಮೆರಿಕದ ಮನೋವಿಜ್ಞಾನಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಚಿತ್ರ ಬಿಡಿಸುವುದೆಂದರೆ ಇಷ್ಟವಿದ್ದ ಪುಟ್ಟ ಮಕ್ಕಳಿಗೆ "ಚಿತ್ರ ಬರೆದರೆ ಬಹುಮಾನ" ಎಂದು ಮೊದಲೇ ಹೇಳಿ ಕೊಟ್ಟರು. ಆಮೇಲೆ ಆ ಮಕ್ಕಳು ತಾವಾಗಿ ಚಿತ್ರ ಬಿಡಿಸುವುದು ಉಳಿದವರ ಅರ್ಧದಷ್ಟಕ್ಕೆ ಇಳಿಯಿತು. ಮೊದಲೇ ಹೇಳದೆ ಬಹುಮಾನ ಕೊಟ್ಟ ಮಕ್ಕಳಲ್ಲಿ ಹಾಗಾಗಲಿಲ್ಲ.

ಇನ್ನು ಬರೆದಿಡುವುದು. ಗೋಡೆಯ ತೂಗು ಕ್ಯಾಲೆಂಡರಿಗೆ ದಾರದಲ್ಲಿ ಪೆನ್ಸಿಲ್ ಕಟ್ಟಿ. ಪೆನ್ಸಿಲ್ ಹುಡುಕುವಂತಾದರೆ ಹತ್ತು ದಿನದಲ್ಲಿ ಬರೆಯುವುದು ನಿಲ್ಲುತ್ತದೆ. ಮಾಡಿದ ದಿನ ಒಂದು ಗೀಟು. ಮಾಡದ ದಿನ ಸೊನ್ನೆ, ಪಕ್ಕದಲ್ಲಿ ಕಾರಣ ಒಂದೇ ಪದದಲ್ಲಿ: ಮಳೆ, ನೆಂಟರು, ಜ್ವರ, ಪ್ರಯಾಣ. ಖಾಲಿ ಬಿಡಬೇಡಿ. ಮೂರು ತಾರೀಖಿನ ಮನೆ ಖಾಲಿ ಬಿಟ್ಟ ಮೇಲೆ ನಾಲ್ಕನೇ ದಿನ ಕ್ಯಾಲೆಂಡರಿನ ಮುಖ ನೋಡಲು ಮನಸ್ಸಾಗುವುದಿಲ್ಲ. ಸೊನ್ನೆ ಬರೆದವರು ಮಾರನೇ ದಿನ ಅಲ್ಲಿಗೆ ಬರುತ್ತಾರೆ. ತಿಂಗಳ ಕೊನೆಗೆ ಗೀಟುಗಳನ್ನು ಎಣಿಸುವುದಕ್ಕಿಂತ ಕಾರಣಗಳನ್ನು ಎಣಿಸಿ. ಒಂದೇ ಕಾರಣ ಮೂರು ಸಲ ಬಂದಿದ್ದರೆ ನಿಮ್ಮ ಗೂಟ ತಪ್ಪು ಜಾಗದಲ್ಲಿದೆ, ಅದನ್ನು ಕಿತ್ತು ಬೇರೆ ಕಡೆ ಹುಗಿಯಿರಿ. ಒಂದು ಸಲಕ್ಕೆ ಒಂದೇ ಅಭ್ಯಾಸ ಬರೆಯಿರಿ.

ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳು.

"ನಮ್ಮದು ಬಸ್ಸಿನ ಡ್ಯೂಟಿ, ವಾರಕ್ಕೊಂದು ಪಾಳಿ. ಹೊತ್ತು ಹೇಗೆ ಹಿಡಿಯೋದು?" ಗಡಿಯಾರದ ಹೊತ್ತನ್ನು ಬಿಟ್ಟುಬಿಡಿ. ಯಾವ ಪಾಳಿಯಲ್ಲೂ ಡ್ಯೂಟಿ ಮುಗಿಸಿ ಸಮವಸ್ತ್ರ ಬಿಚ್ಚುತ್ತೀರಲ್ಲ, ಅದೇ ನಿಮ್ಮ ಗೂಟ. ಅಂಗಿಯನ್ನು ಮೊಳೆಗೆ ಹಾಕಿದ ಕೂಡಲೇ ಬೆನ್ನು-ಸೊಂಟ ಸಡಿಲಿಸುವ ಐದು ನಿಮಿಷ.

"ಮದುವೆ, ತಿಥಿ ಅಂತ ನಾಲ್ಕು ದಿನ ಊರಿಗೆ ಹೋದರೆ ಎಲ್ಲ ಹಾಳಾಗುತ್ತೆ ಸಾರ್." ಹೊರಡುವ ಮೊದಲೇ ಕ್ಯಾಲೆಂಡರಿನ ಆ ನಾಲ್ಕು ಮನೆಗಳಲ್ಲಿ "ಪ್ರಯಾಣ" ಎಂದು ಬರೆದು ಸೊನ್ನೆ ಹಾಕಿ ಹೋಗಿ. ಶೂ ಬಾಗಿಲ ಹತ್ತಿರವೇ ಇರಲಿ. ವಾಪಸು ಬಂದ ಮಾರನೇ ಬೆಳಿಗ್ಗೆ 30 ನಿಮಿಷ ನಡೆಯಬೇಡಿ, ಗೇಟಿನವರೆಗೆ ಹೋಗಿ ಬಂದು ಗೀಟು ಹಾಕಿ.